ಮೈನಸ್ 15ರ ಗಾಳಿಯಲ್ಲೂ ಬಿಸಿ ಇದೆ!

ಹೊರಗೆ ಮೈನಸ್ 15 ಡಿಗ್ರಿ. ಆ ಗಾಳಿಯಿಂದಲೇ ಬಿಸಿ ಎಳೆದು ಮನೆ ಬೆಚ್ಚಗೆ ಮಾಡ್ತೀವಿ ಅಂದ್ರೆ ನಂಬ್ತೀರಾ? ನಾರ್ವೆಯವರು ನಂಬಿದ್ದಾರೆ. ಅಲ್ಲಿ ನೂರಕ್ಕೆ ಸುಮಾರು 60 ಕಟ್ಟಡಗಳಲ್ಲಿ ಹೀಟ್ ಪಂಪ್ ಇದೆ.

ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ಒಳಗಿನ ಬಿಸಿಯನ್ನು ಅದು ಹೊರಗೆ ಹಾಕ್ತಿರುತ್ತೆ. ಹೀಟ್ ಪಂಪ್ ಬೀದಿಯ ಬಿಸಿಯನ್ನು ಮನೆಯೊಳಗೆ ತರುತ್ತೆ, ಅಷ್ಟೇ ವ್ಯತ್ಯಾಸ. ಇದರಲ್ಲಿ ಬಳಸುವ ಆರ್-32 ಅನ್ನೋ ದ್ರವ ಸಾಮಾನ್ಯ ಒತ್ತಡದಲ್ಲಿ ಮೈನಸ್ 52 ಡಿಗ್ರಿಗೇ ಕುದಿಯುತ್ತೆ. ಅದಕ್ಕೆ ಮೈನಸ್ 15 ಅಂದ್ರೂ ಬೇಸಿಗೆಯೇ!

ಮಾಮೂಲಿ ಹೀಟರ್ 1 ಯೂನಿಟ್ ಕರೆಂಟಿಗೆ 1 ಯೂನಿಟ್ ಬಿಸಿ ಕೊಡುತ್ತೆ. ಹೀಟ್ ಪಂಪ್ ಹದವಾದ ಚಳಿಯಲ್ಲಿ 3ರಷ್ಟು, ಕಡುಚಳಿಯಲ್ಲಿ 2ರ ಆಸುಪಾಸು. ಅಂದರೆ ಬಿಸಿ ಹೆಚ್ಚು ಬೇಕಾದಾಗಲೇ ಇದರ ಕಸುವು ತಗ್ಗುತ್ತೆ. ಕರೆಂಟ್ ಹೋದರಂತೂ ಪೂರ್ತಿ ಬಂದ್. ಅದಕ್ಕೇ ನಾರ್ವೆಯ ಎಷ್ಟೋ ಮನೆಗಳಲ್ಲಿ ಸೌದೆ ಒಲೆಯೂ ಇರುತ್ತೆ.

ಕೆಲಸಕ್ಕೆಂದು ಚಳಿಯೂರಿಗೆ ಹೊರಟಿದ್ದೀರಾ? ಬಾಡಿಗೆ ಮಾತಾಡುವಾಗಲೇ ಮೂರು ವಿಷಯ ಕೇಳಿ: ಪಂಪ್ ಎಷ್ಟು ಮೈನಸ್‌ವರೆಗೆ ಕೆಲಸ ಮಾಡುತ್ತೆ? ಗೋಡೆ, ಕಿಟಕಿಯಿಂದ ಬಿಸಿ ಸೋರುತ್ತಾ? ಕೈಕೊಟ್ಟರೆ ಬದಲಿ ವ್ಯವಸ್ಥೆ ಏನು?

ಚಳಿಗಾಲಕ್ಕೆ ಅಪ್ಪ-ಅಮ್ಮ ಬರೋದಾದ್ರೆ ಇನ್ನೊಂದು ಮಾತು. ಪಂಪಿನ ನೀರು ಹರಿಯುವ ರೇಡಿಯೇಟರ್ ಸುಡೋದಿಲ್ಲ, ಉಗುರುಬೆಚ್ಚಗಿರುತ್ತೆ. ಅಮ್ಮ ಮುಟ್ಟಿ ನೋಡಿ "ಕೆಟ್ಟೋಗಿದೆ ಕಣೋ" ಅಂದ್ರೆ ಗಾಬರಿ ಬೇಡ. ಗೋಡೆಯ ಥರ್ಮಾಮೀಟರ್ 21 ತೋರಿಸ್ತಿದ್ರೆ ಎಲ್ಲ ಸರಿಯಾಗಿದೆ ಅಂತಲೇ ಅರ್ಥ.