ಎಡಗಡೆಯ ಸೀಟಿನ ಅಧಿಕಾರ

ಮಾಕಳಿ ಎಂದ ಕೂಡಲೇ ಅನೇಕರಿಗೆ ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗ ನೆನಪಾಗುತ್ತದೆ. ಅದಲ್ಲ ಸ್ವಾಮಿ, ನಮ್ಮದು ತುಮಕೂರು ರಸ್ತೆಯ ಮಾಕಳಿ. ಪೀಣ್ಯ ಮುಗಿದು, ಮಾದಾವರ ದಾಟಿ, ನೆಲಮಂಗಲ ಬರುವ ಮೊದಲು ಸಿಗುವ ಊರು. ಇಲ್ಲಿ ಊರಿಗಿಂತ ರಸ್ತೆಯೇ ದೊಡ್ಡದು. ಹಿಂದೆ ನಾವು ಇದನ್ನು ನಾಲ್ಕನೇ ನಂಬರಿನ ಹೆದ್ದಾರಿ ಎನ್ನುತ್ತಿದ್ದೆವು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟಾಗ ಇದು 48 ಆಯಿತು. ದೆಹಲಿಯಿಂದ ಹೊರಟು ಜೈಪುರ, ಉದಯಪುರ, ಅಹಮದಾಬಾದ್, ಸೂರತ್, ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗಗಳನ್ನು ಹಾದು ನಮ್ಮೂರಿನ ಮುಂದೆಯೇ ಸಾಗಿ ಚೆನ್ನೈ ಸೇರುವ ಈ ರಸ್ತೆಯ ಉದ್ದ ಸುಮಾರು 2,800 ಕಿಲೋಮೀಟರು.

"ಮೇಷ್ಟ್ರೇ, ಇದೇ ರಸ್ತೆ ಹಿಡಿದು ಹೋದರೆ ದೆಹಲಿಯಂತಲ್ಲ, ಕಾರಿನಲ್ಲಿ ಹೋಗಿ ಬರಬಹುದಾ?" ಎಂದು ಕೇಳುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಕ್ಕಳ ಓದು, ಮದುವೆ ಮುಗಿದಿವೆ. ಬಾಗಿಲಲ್ಲಿ ಒಂದು ಸಣ್ಣ ಕಾರಿದೆ. ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಇಷ್ಟು ವರ್ಷ ಎಲ್ಲೂ ಕರೆದುಕೊಂಡು ಹೋಗಲಿಲ್ಲ, ಈಗಲಾದರೂ ಹೋಗೋಣ ಎಂಬ ಆಸೆ. ಒಳ್ಳೆಯ ಆಸೆಯೇ. ಧಾರಾಳವಾಗಿ ಹೋಗಿ ಬನ್ನಿ ಎನ್ನುತ್ತೇನೆ. ಆದರೆ ಒಂದು ಷರತ್ತು ಹಾಕುತ್ತೇನೆ: ಕಾರಿನ ಎಡಗಡೆಯ ಸೀಟಿನಲ್ಲಿ ಕೂತವರಿಗೆ ಪೂರ್ಣ ಅಧಿಕಾರ ಕೊಟ್ಟು ಹೋಗಿ.

ದಂಪತಿಗಳ ದೂರಪ್ರಯಾಣ ಹೊಸ ವಿಷಯವೇನಲ್ಲ. ಕಲ್ಕತ್ತಾದ ಸಲೂ ಚೌಧರಿ ಮತ್ತು ನೀನಾ ಚೌಧರಿ ಎಂಬ ದಂಪತಿ 1989ರ ಸೆಪ್ಟೆಂಬರ್ 9ರಂದು ದೆಹಲಿಯಿಂದ ಹಿಂದೂಸ್ತಾನ್ ಕಾಂಟೆಸ್ಸಾ ಕಾರಿನಲ್ಲಿ ಹೊರಟು, ಆರು ಖಂಡಗಳನ್ನು ಸುತ್ತಿ, ನವೆಂಬರ್ 17ಕ್ಕೆ ದೆಹಲಿಗೆ ಮರಳಿದರು. ಅವರು ತೆಗೆದುಕೊಂಡ ಕಾಲ 69 ದಿನ 19 ಗಂಟೆ 5 ನಿಮಿಷ. ಓಡಿಸಿದ ದೂರ ಭೂಮಧ್ಯರೇಖೆಯ ಉದ್ದಕ್ಕಿಂತ, ಅಂದರೆ 40,075 ಕಿಲೋಮೀಟರಿಗಿಂತ ಹೆಚ್ಚು. ಗಿನ್ನೆಸ್ ಪುಸ್ತಕದಲ್ಲಿ ಅದು ದಾಖಲಾಗಿದೆ. ಭಾಗಿಸಿ ನೋಡಿದರೆ ದಿನಕ್ಕೆ 570 ಕಿಲೋಮೀಟರಿನ ಮೇಲಾಯಿತು. ನಮ್ಮದೇ ದೇಶದ ಕಾರು, ನಮ್ಮದೇ ದೇಶದ ಗಂಡ ಹೆಂಡತಿ ಎಂದು ಎದೆಯುಬ್ಬಿಸಬಹುದಾದ ಸಂಗತಿ. ಆದರೆ ಅವರು ದಾಖಲೆಗೆ ಹೊರಟವರು. ನಾವು ನೀವು ದಾಖಲೆಗೆ ಹೊರಡುವವರಲ್ಲ, ಕ್ಷೇಮವಾಗಿ ಮನೆಗೆ ಮರಳಬೇಕಾದವರು.

ನಾನೂ ನನ್ನಾಕೆಯೂ 2023ರ ದಸರಾ ರಜೆಯಲ್ಲಿ ಇದೇ ರಸ್ತೆಯಲ್ಲಿ ಉದಯಪುರದವರೆಗೆ ಹೋಗಿ ಬಂದೆವು. ಒಂದು ಕಡೆಗೆ ಹೆಚ್ಚುಕಡಿಮೆ 1,700 ಕಿಲೋಮೀಟರು. ಹೋಗುವುದಕ್ಕೆ ಐದು ದಿನ, ಬರುವುದಕ್ಕೆ ಐದು ದಿನ, ಅಲ್ಲಿ ಮೂರು ದಿನ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಒಂದು ಒಪ್ಪಂದ ಮಾಡಿಕೊಂಡೆವು. ಸ್ಟಿಯರಿಂಗ್ ನನ್ನದು, "ನಿಲ್ಲಿಸಿ" ಎನ್ನುವ ಅಧಿಕಾರ ಅವಳದು. ಅವಳು ಹೇಳಿದ ಮೇಲೆ ಯಾಕೆ, ಏನು ಎಂದು ಕೇಳುವಂತಿಲ್ಲ. ಮೊದಲು ನಿಲ್ಲಿಸುವುದು, ಆಮೇಲೆ ಚರ್ಚೆ.

ಇದು ಹೆಂಡತಿಗೆ ಹೆದರಿ ಮಾಡಿದ ಒಪ್ಪಂದವಲ್ಲ. ಹೇಳಿಕೇಳಿ ನಾನು ವಿಜ್ಞಾನದ ಮೇಷ್ಟ್ರು, ಇದಕ್ಕೆ ಕಾರಣವಿದೆ. ಹಸಿವು, ಬಾಯಾರಿಕೆ ನಮಗೆ ಚೆನ್ನಾಗಿ ಗೊತ್ತಾಗುತ್ತವೆ. ಆದರೆ ಎಷ್ಟು ನಿದ್ದೆಗೆಟ್ಟಿದ್ದೇವೆ ಎಂಬುದನ್ನು ನಮ್ಮ ಮಿದುಳು ತಾನೇ ಸರಿಯಾಗಿ ಅಳೆಯಲಾರದು. ಏಕೆಂದರೆ ಮಂಕಾಗಿರುವುದು ಅಳೆಯಬೇಕಾದ ಆ ಮಿದುಳೇ! ಸತತವಾಗಿ ಹದಿನೇಳು ಗಂಟೆ ಎಚ್ಚರವಿದ್ದವನ ಕೈಕಣ್ಣುಗಳ ಚುರುಕು, ರಕ್ತದಲ್ಲಿ ಶೇ. 0.05 ಮದ್ಯಸಾರ ಇರುವವನಷ್ಟು ಕುಗ್ಗಿರುತ್ತದೆ ಎಂದು ಪ್ರಯೋಗಗಳಿಂದ ತಿಳಿದಿದೆ. ನಮ್ಮ ಕಾನೂನಿನಲ್ಲಿ ವಾಹನ ಓಡಿಸುವವನಿಗೆ ಇರುವ ಮಿತಿ ಶೇ. 0.03. ಎಂದರೆ ಒಂದು ತೊಟ್ಟೂ ಕುಡಿಯದ ಸಾತ್ವಿಕನೂ ನಿದ್ದೆಗೆಟ್ಟರೆ ಕುಡಿದವನಿಗೆ ಸಮ. ನಡುರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಮತ್ತು ಮಧ್ಯಾಹ್ನ ಊಟದ ನಂತರದ ಒಂದೆರಡು ಗಂಟೆ ದೇಹದ ಗಡಿಯಾರವೇ ನಮ್ಮನ್ನು ಮಲಗು ಎನ್ನುತ್ತದೆ. ಆಗ ಕಣ್ಣು ತೆರೆದಿದ್ದರೂ ಮೂರು ನಾಲ್ಕು ಸೆಕೆಂಡು ಮಿದುಳು ತೂಕಡಿಸಬಹುದು. ಗಂಟೆಗೆ 80 ಕಿಲೋಮೀಟರಿನಲ್ಲಿ ನಾಲ್ಕು ಸೆಕೆಂಡಿಗೆ ಕಾರು ಸುಮಾರು 89 ಮೀಟರು ಹೋಗಿರುತ್ತದೆ. ಅಷ್ಟು ದೂರ ಕಾರನ್ನು ಓಡಿಸಿದವರು ಯಾರೂ ಇಲ್ಲ!

ವಾಪಸು ಬರುವಾಗ ಕೊಲ್ಹಾಪುರ ದಾಟಿದಾಗ ಸಂಜೆ ಐದು ಗಂಟೆ. ಬೆಳಗಾವಿಯಲ್ಲಿ ತಂಗುವುದೆಂದು ಲೆಕ್ಕ. ನಿಪ್ಪಾಣಿ ಹತ್ತಿರ ಬಂದಾಗ ನನ್ನಾಕೆ, "ರೀ, ಇವತ್ತು ಇಲ್ಲೇ ಉಳಿಯೋಣ" ಅಂದಳು.

"ಇನ್ನೊಂದೂವರೆ ಗಂಟೆ ದಾರಿ ಅಷ್ಟೇ. ನನಗೇನೂ ನಿದ್ದೆ ಬರ್ತಿಲ್ಲ" ಅಂದೆ.

"ಬರ್ತಿಲ್ಲ ಅಂತ ನೀವು ಹೇಳ್ತೀರಿ. ಕಾಲು ಗಂಟೆಯಿಂದ ನೀವು ಒಂದು ಮಾತಾಡಿಲ್ಲ, ಎರಡು ಸಲ ಕತ್ತು ಉಜ್ಜಿಕೊಂಡಿರಿ, ಹಾರನ್ ಹೊಡೆದ ಲಾರಿಗೆ ತಡವಾಗಿ ದಾರಿ ಬಿಟ್ಟಿರಿ. ಒಪ್ಪಂದ ಒಪ್ಪಂದವೇ."

ನಿಪ್ಪಾಣಿಯಲ್ಲಿ ಉಳಿದೆವು. ಎಂಟೂವರೆಗೆಲ್ಲ ನನಗೆ ಗಾಢ ನಿದ್ದೆ. ಅವಳು ಕೊಟ್ಟದ್ದು ಮೂರು ಸಾಕ್ಷ್ಯ. ಮೂರೂ ಹೊರಗಿನಿಂದ ನೋಡಿದವರಿಗೆ ಮಾತ್ರ ಕಾಣುವಂಥವು.

ಈ ಪಾಠವನ್ನು ವಿಮಾನದವರು ಬಹಳ ದೊಡ್ಡ ಬೆಲೆ ತೆತ್ತು ಕಲಿತರು. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ರನ್‌ವೇ ಮೇಲೆ ಇನ್ನೊಂದು ವಿಮಾನ ಇದ್ದಾಗಲೇ ಡಚ್ ವಿಮಾನವೊಂದು ಮೇಲೇರಲು ಓಟ ಕಿತ್ತಿತು. ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಒಳಗಿದ್ದ ಇಂಜಿನಿಯರು ಅನುಮಾನದಿಂದ ಕೇಳಿದ. ಅನುಭವಿಯಾದ ಕ್ಯಾಪ್ಟನ್ "ಬಿಟ್ಟಿದೆ" ಎಂದ. ಇಂಜಿನಿಯರು ಮತ್ತೆ ಮಾತಾಡಲಿಲ್ಲ. ಆ ದಿನ ಸತ್ತವರು 583 ಮಂದಿ. ಅಂಥ ದುರಂತಗಳ ನಂತರ ವಿಮಾನ ಸಿಬ್ಬಂದಿಗೆ ಹೊಸ ಬಗೆಯ ತರಬೇತಿ ಶುರುವಾಯಿತು. ಪಕ್ಕದಲ್ಲಿ ಕೂತವನು ಎಷ್ಟೇ ಕಿರಿಯನಾಗಿರಲಿ, ಅನುಮಾನ ಬಂದರೆ ಗಟ್ಟಿಯಾಗಿ ಹೇಳಬೇಕು. ಹಿರಿಯನು ಕೇಳಬೇಕು ಎನ್ನುವುದು ಅದರ ಸಾರ. ನಮ್ಮ ಮನೆಗಳಲ್ಲಿ ಎಷ್ಟು ಕ್ಯಾಪ್ಟನ್ನರು ಇದನ್ನು ಕಲಿತಿದ್ದೇವೆ, ಹೇಳಿ? "ನೀನು ಸುಮ್ಮನಿರು, ನನಗೆ ಗೊತ್ತು" ಎಂಬ ಮಾತು ಕಾರು ಸ್ಟಾರ್ಟ್ ಆಗುವ ಮೊದಲೇ ಹೊರಡುತ್ತದೆ.

ವೇಗದ ವಿಷಯದಲ್ಲಿಯೂ ಪಕ್ಕದವರ ಮಾತಿಗೆ ಭೌತಶಾಸ್ತ್ರದ ಬೆಂಬಲವಿದೆ. ವೇಗ 80ರಿಂದ 100ಕ್ಕೆ ಏರಿದರೆ ಕಾಲು ಪಾಲು ಹೆಚ್ಚಾಯಿತು ಎಂದುಕೊಳ್ಳುತ್ತೇವೆ. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಒಂದೂವರೆ ಪಟ್ಟು ದಾಟುತ್ತದೆ. ಒಣ ರಸ್ತೆ, ಒಳ್ಳೆಯ ಟೈರು ಎಂದಿಟ್ಟುಕೊಂಡರೂ, ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಿ ನಿಲ್ಲುವುದಕ್ಕೆ 80ರಲ್ಲಿ ಸುಮಾರು 70 ಮೀಟರು ಬೇಕು, 100ರಲ್ಲಿ ಸುಮಾರು 100 ಮೀಟರು. ಮೂವತ್ತು ಮೀಟರೆಂದರೆ ನಮ್ಮ ಶಾಲೆಯ ನಾಲ್ಕೈದು ಕೊಠಡಿಗಳ ಉದ್ದ.

ಇಳಿಜಾರಿನಲ್ಲಿ ಇದೇ ಲೆಕ್ಕ ಇನ್ನೂ ಕಠಿಣ. ಸಾತಾರಾ ಕಡೆಯಿಂದ ಪುಣೆಗೆ ಹೋಗುವಾಗ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಉದ್ದನೆಯ ಇಳಿಜಾರಿದೆ. ಅಪಘಾತಗಳಿಗೆ ಹೆಸರಾದ ಜಾಗ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದು ಟ್ಯಾಂಕರು ಹತ್ತಾರು ವಾಹನಗಳಿಗೆ ಒಂದರ ಹಿಂದೊಂದರಂತೆ ಗುದ್ದಿತು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದರೆ ಇಂಜಿನ್ ಗಾಡಿಯನ್ನು ಹಿಡಿದಿಡುವುದಿಲ್ಲ. ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು, ಹಿಡಿತವೇ ತಪ್ಪುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಡ್ರೈವರುಗಳ ಮಾತು ಶುದ್ಧ ವಿಜ್ಞಾನ. ಅಲ್ಲಿ ನಾವು ಎಡಕ್ಕೆ ಸರಿದು ನಿಧಾನವಾಗಿ ಇಳಿದೆವು. ಹಿಂದಿನ ಲಾರಿಗಳ ಮೇಲೆ ಕಣ್ಣಿಟ್ಟವಳು ನನ್ನಾಕೆ.

ಇನ್ನು ಗಂಡಸರು ಸಾಮಾನ್ಯವಾಗಿ ಯೋಚಿಸದ ಒಂದು ಸಂಗತಿ. ದೂರಪ್ರಯಾಣದಲ್ಲಿ ನಮ್ಮ ಹೆಣ್ಣುಮಕ್ಕಳು ನೀರು ಕುಡಿಯುವುದಿಲ್ಲ. ಕುಡಿದರೆ ಎಲ್ಲಿ ನಿಲ್ಲಿಸುವುದು ಎಂಬ ಚಿಂತೆ. ಕೇಳಲು ಸಂಕೋಚ. ಗಂಡನಿಗೋ ಊರು ಮುಟ್ಟುವ ಆತುರ. ನೀರಿಲ್ಲದ ದೇಹಕ್ಕೆ ತಲೆನೋವು, ಸುಸ್ತು, ಉರಿಮೂತ್ರ ಎಲ್ಲ ಬರುತ್ತವೆ. ಮೂರನೆಯ ದಿನ ಹೆಂಡತಿ ಸಿಡಿಮಿಡಿ ಎನ್ನುತ್ತಿದ್ದಾಳೆ ಎಂದು ದೂರುವ ಮೊದಲು ಅವಳು ಎಷ್ಟು ಲೋಟ ನೀರು ಕುಡಿದಳು ಎಂದು ಲೆಕ್ಕ ಹಾಕಿ. ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಇವನ್ನು ಪುಕ್ಕಟೆಯಾಗಿ ಕೊಡಬೇಕೆಂಬ ನಿಯಮವಿದೆ. ಪೆಟ್ರೋಲ್ ಹಾಕಿಸದಿದ್ದರೂ ಕೇಳಬಹುದು. ಎರಡು ಗಂಟೆಗೊಮ್ಮೆ ನಿಲ್ಲಿಸುವುದು ನಮ್ಮ ಕ್ರಮವಾಗಿತ್ತು. ಅವಳಿಗೆ ಅನುಕೂಲವಾದಷ್ಟೇ ನನ್ನ ಮೊಣಕಾಲಿಗೂ ಆಯಿತು.

ಹಾಗೆಯೇ "ಸ್ವಲ್ಪ ಗಾಜು ಇಳಿಸಿ" ಎಂಬ ಮಾತು. ಏಸಿ ತಂಪು ಹೊರಗೆ ಹೋಗುತ್ತದೆಂದು ನಾವು ಒಪ್ಪುವುದಿಲ್ಲ. ಆದರೆ ಒಳಗಿನ ಗಾಳಿಯನ್ನೇ ಸುತ್ತಿಸುತ್ತ ಗಂಟೆಗಟ್ಟಲೆ ಹೋದರೆ ಇಬ್ಬರ ಉಸಿರಿನಿಂದಲೇ ಕಾರಿನೊಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತ ಹೋಗಿ ಮಂಪರು ತರುತ್ತದೆ. ಆಗಾಗ ಹೊರಗಿನ ಗಾಳಿ ಒಳಗೆ ಬರಲಿ.

ಬೆಲ್ಟಿನ ವಿಷಯ ಬಿಡುವಂತಿಲ್ಲ. ಟಾಟಾ ಸಮೂಹದ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ತೀರಿಕೊಂಡದ್ದು ಇದೇ 48ನೇ ಹೆದ್ದಾರಿಯಲ್ಲಿ, ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯ ಮೇಲೆ. ಬಹಳ ಬೆಲೆಯ ಕಾರು. ಆದರೆ ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಇಬ್ಬರೂ ಉಳಿಯಲಿಲ್ಲ. ಇನ್ನು ನಮ್ಮ ನೆಲಮಂಗಲದ ಆಚೆ ತಾಳೆಕೆರೆಯ ಬಳಿ 2024ರ ಡಿಸೆಂಬರ್ 21ರಂದು ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಮಂದಿ ಹೋದರು. ಕೆಲವು ಸಂಗತಿಗಳು ನಮ್ಮ ಕೈಯಲ್ಲಿಲ್ಲ ನಿಜ. ಅದಕ್ಕೇ ಕೈಯಲ್ಲಿರುವುದನ್ನಾದರೂ ಬಿಡದೆ ಮಾಡಬೇಕು. ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಯಾವುದೇ ತುರ್ತಿಗೆ 112. ಈ ಎರಡು ನಂಬರು ಎಡಗಡೆಯವರ ಫೋನಿನಲ್ಲಿರಲಿ.

ಎಡಗಡೆಯ ಸೀಟಿಗೆ ಕಾವಲು ಕೆಲಸ ಮಾತ್ರ ಎಂದುಕೊಳ್ಳಬೇಡಿ. ದೇಶವನ್ನು ನಿಜವಾಗಿ ನೋಡುವವರು ಅಲ್ಲಿ ಕೂತವರೇ. ನನಗೆ ಕಂಡದ್ದು ಲಾರಿಗಳ ಬೆನ್ನು. ನನ್ನಾಕೆ ದಾರಿಯುದ್ದಕ್ಕೂ ನದಿಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತ ಬಂದಳು. ಹರಿಹರದಲ್ಲಿ ತುಂಗಭದ್ರೆ, ಮುಂದೆ ಘಟಪ್ರಭೆ, ಕೊಲ್ಹಾಪುರದಲ್ಲಿ ಪಂಚಗಂಗೆ, ಸಾತಾರಾ ಕಡೆ ಕೃಷ್ಣೆ. ಇವೆಲ್ಲ ಪೂರ್ವಕ್ಕೆ ಹರಿಯುವವು. ಘಟ್ಟ ಇಳಿದ ಮೇಲೆ ಸೂರತ್ ಬಳಿ ತಾಪಿ, ಭರೂಚಿನಲ್ಲಿ ನರ್ಮದೆ, ಆಮೇಲೆ ಮಹಿ. ಇವು ಪಶ್ಚಿಮಕ್ಕೆ. "ಕೃಷ್ಣೆ ಹುಟ್ಟೋ ಮಹಾಬಳೇಶ್ವರಕ್ಕೆ ಅರಬ್ಬಿ ಸಮುದ್ರ ಇಷ್ಟು ಹತ್ತಿರ, ಆದರೂ ಅವಳು ಬಂಗಾಳ ಕೊಲ್ಲಿಗೇ ಹೋಗ್ತಾಳಲ್ಲ" ಎಂದಳು. ಆ ನದಿ ಸುಮಾರು 1,400 ಕಿಲೋಮೀಟರು ನಡೆದು ನಮ್ಮ ಆಲಮಟ್ಟಿಯನ್ನು ತುಂಬಿಸಿ ಮುಂದೆ ಹೋಗುವುದನ್ನು ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಈಗ ಮಕ್ಕಳಿಗೆ ಭೂಪಟ ತೋರಿಸುವಾಗ ಅವಳ ಪುಸ್ತಕವೇ ನನಗೆ ಟಿಪ್ಪಣಿ.

ಮೈಸೂರಿನ ಡಿ. ಕೃಷ್ಣಕುಮಾರ್ ಅವರ ವಿಷಯ ನೀವೂ ಓದಿರಬಹುದು. ದೂರದ ದೇವಸ್ಥಾನಗಳನ್ನು ನೋಡಿದ್ದೀಯಾ ಎಂದು ತಾಯಿಯನ್ನು ಕೇಳಿದಾಗ, ಪಕ್ಕದ ಬೇಲೂರು ಹಳೇಬೀಡನ್ನೇ ನೋಡಿಲ್ಲ ಎಂದರಂತೆ ಆ ತಾಯಿ. ಮಗ ಕೆಲಸ ಬಿಟ್ಟು, 2018ರ ಜನವರಿಯಲ್ಲಿ, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿಯನ್ನು ಕೂರಿಸಿಕೊಂಡು ದೇಶ ಸುತ್ತಲು ಹೊರಟರು. ನೇಪಾಳ, ಭೂತಾನಗಳನ್ನೂ ತೋರಿಸಿದರು. ಅದು ತಾಯಿ ಮಗನ ಪ್ರಯಾಣ. ಆದರೆ ಆ ತಾಯಿಯ ಮಾತನ್ನು ಹೇಳಬಲ್ಲ ಹೆಣ್ಣುಮಕ್ಕಳು ನಮ್ಮ ಬೀದಿಬೀದಿಯಲ್ಲಿ ಇದ್ದಾರೆ. ಹೊಸ ಕಾರಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದವರು ಅವರು, ಆದರೆ ಆ ಕಾರಿನಲ್ಲಿ ಹೋದದ್ದು ಮದುವೆ ಮನೆಗೆ ಮತ್ತು ಆಸ್ಪತ್ರೆಗೆ ಮಾತ್ರ.

ಆದ್ದರಿಂದ ಹೋಗಿ ಬನ್ನಿ. ಬೆಳಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿ, ಕತ್ತಲಾಗುವ ಮೊದಲು ಊರು ಸೇರಿ. ಎಲ್ಲಿ ಊಟ, ಎಲ್ಲಿ ವಾಸ್ತವ್ಯ ಎಂಬುದನ್ನು ಪಕ್ಕದವರು ತೀರ್ಮಾನಿಸಲಿ. "ನಿಲ್ಲಿಸಿ" ಎಂದರೆ ನಿಲ್ಲಿಸಿ. ಮೂವತ್ತು ವರ್ಷ ಸಂಸಾರದ ಗಾಡಿ ಉರುಳಿದ್ದು ಯಾರ ಮಾತು ಕೇಳಿ ಎಂಬುದು ನಿಮಗೆ ಗೊತ್ತೇ ಇದೆ. ಹೆದ್ದಾರಿಯಲ್ಲಿ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡರಾಯಿತು, ಅಷ್ಟೇ.