ಪೂಲ್ ಟೇಬಲ್ ಮಾಲೀಕರೇ, ಒಂದಾಗಿ!

ಪಕ್ಕದ ಅಂಗಡಿಯವ ಗಂಟೆಗೆ ಹತ್ತು ರೂಪಾಯಿ ಇಳಿಸಿದ ಅಂತ ನೀವೂ ಇಳಿಸ್ತೀರಿ. ಕೊನೆಗೆ ಟೇಬಲ್ಲಿನ ಹರಿದ ಹಸಿರು ಬಟ್ಟೆ ಬದಲಾಯಿಸಲು ಇಬ್ಬರ ಗಲ್ಲಾದಲ್ಲೂ ಕಾಸಿಲ್ಲ. ಬಟ್ಟೆ, ಚೆಂಡು, ಕೋಲು ಒಟ್ಟಿಗೆ ತರಿಸಿ. ಸಗಟು ದರ ಸಿಕ್ಕೀತು. ರಿಪೇರಿಯವನನ್ನು ಒಂದೇ ಸಲ ಕರೆಸಿ, ಖರ್ಚು ಹಂಚಿಕೊಳ್ಳಿ. ಬಾಜಿ ಕಟ್ಟುವವನನ್ನು ಒಬ್ಬರು ಹೊರಗೆ ಹಾಕಿದರೆ ಇನ್ನೊಬ್ಬರು ಒಳಗೆ ಬಿಟ್ಟುಕೊಳ್ಳಬೇಡಿ; ಕೆಟ್ಟ ಹೆಸರು ಬರೋದು ಎಲ್ಲರಿಗೂ. ಬೆಂಗಳೂರಿನ ಪಂಕಜ್ ಅಡ್ವಾಣಿ ವಿಶ್ವ ಚಾಂಪಿಯನ್ ಆದದ್ದು ಇದೇ ಕೋಲು ಹಿಡಿದು. ಅಂಥ ಆಟಕ್ಕೆ ಜೂಜಿನ ಹಣೆಪಟ್ಟಿ ಯಾಕೆ?

1905ರಲ್ಲೇ ಗದಗದ ಹತ್ತಿರ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿದ ನಾಡಿದು. ಅವರಿಗೆ ಆದದ್ದು ನಿಮಗೆ ಆಗದೇ? ಈ ಭಾನುವಾರ ಬಾಗಿಲು ತೆಗೆಯುವ ಮುಂಚೆ ಒಂದು ಕಡೆ ಕೂತು ಚಹಾ ಕುಡೀರಿ, ಸ್ವಾಮಿ.