ರಜೆಯಲ್ಲಿ ಎಡವುವ ಓದು

ಬೇಸಿಗೆಯ ರಜೆ ಆರಂಭವಾದ ವಾರದಲ್ಲಿ ಹೊರಮಾವಿನ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ನಾಲ್ಕನೆಯ ತರಗತಿ ಮುಗಿಸಿದ ಮಗನನ್ನು ತಂದೆಯವರು ಕರೆದು, ನಮ್ಮೆದುರು ಕನ್ನಡ ಪಾಠವೊಂದನ್ನು ಓದಿಸಿದರು. ಬಾಲಕನು ‘ಪ್ರಾರ್ಥನೆ’ ಎಂಬಲ್ಲಿ ನಿಂತುಬಿಟ್ಟನು. “ಇಷ್ಟು ವರ್ಷ ಶುಲ್ಕ ಕಟ್ಟಿದ್ದು ಇದಕ್ಕೇನು?” ಎಂದು ತಂದೆ ಗದರಿದರು. ಹುಡುಗನ ಕಣ್ಣಲ್ಲಿ ನೀರು. ನಮ್ಮ ಬರವೇ ಅವನಿಗೆ ಪರೀಕ್ಷೆಯಾಯಿತಲ್ಲ ಎಂದು ನಾವು ನಾಚಿದೆವು.

ಆ ಪದವನ್ನೇ ನೋಡಿರಿ. ಒಂದೇ ರಕಾರವು ಅಲ್ಲಿ ಎರಡು ವೇಷ ತೊಟ್ಟಿದೆ. ಪಕಾರದ ಕೆಳಗೆ ಒತ್ತಾಗಿ ನಿಂತಾಗ ಅದರ ಬಳಿಕ ನುಡಿಯಬೇಕು. ಥಕಾರದ ಮುಂದೆ ಅರ್ಕಾವೊತ್ತಾಗಿ ಬರೆದಾಗ ಅದಕ್ಕಿಂತ ಮೊದಲೇ ನುಡಿಯಬೇಕು. ಇಲ್ಲಿ ತಡವರಿಸುವುದು ದಡ್ಡತನವಲ್ಲ. ಇಂಗ್ಲಿಷಿಗೆ 26 ಅಕ್ಷರಗಳು. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳು ಸೇರಿದರೆ ನೂರಾರು. ಬೆಂಗಳೂರಿನ ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ಈ ಅಕ್ಷರಗಳು ಕೈವಶವಾಗಲು ಇಂಗ್ಲಿಷಿಗಿಂತ ಹೆಚ್ಚು ವರ್ಷಗಳು ಬೇಕೆಂದೂ ನಾಲ್ಕನೆಯ ತರಗತಿಯಲ್ಲಿಯೂ ಆ ಕಲಿಕೆ ನಡೆದೇ ಇರುತ್ತದೆಂದೂ ತೋರಿಸಿತು. ಇಂತಹ ನಡುದಾರಿಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಬಿಡುವು ಬರುತ್ತದೆ. ಓದು ಬಲ್ಲ ಮಗು ಕಂಡದ್ದನ್ನೆಲ್ಲ ಓದುತ್ತದೆ. ಎಡವುವ ಮಗುವು ಪುಸ್ತಕವನ್ನು ಕಂಡರೆ ದೂರ ಸರಿಯುತ್ತದೆ.

ಹಾಗೆಂದು ಮುಂದಿನ ತರಗತಿಯ ಪಠ್ಯವನ್ನು ಈಗಲೇ ತಂದು ಮುಂದಿಡುವುದನ್ನು ನಾವು ಒಪ್ಪೆವು. ಅಮೆರಿಕದ ಫ್ಲಾರಿಡಾದಲ್ಲಿ ಅಲಿಂಗ್ಟನ್ ಮತ್ತು ಸಂಗಡಿಗರು ಬಡ ಮನೆಗಳ ಮಕ್ಕಳಿಗೆ ಮೂರು ಬೇಸಿಗೆಗಳಲ್ಲಿ, ಬೇಸಿಗೆಗೆ 12ರಂತೆ, ಮಕ್ಕಳೇ ಆರಿಸಿಕೊಂಡ ಪುಸ್ತಕಗಳನ್ನು ಕೊಟ್ಟರು. ಪುಸ್ತಕ ಪಡೆದವರು ಪಡೆಯದವರಿಗಿಂತ ಓದಿನಲ್ಲಿ ಮುಂದಾದರೆಂದು 2010ರಲ್ಲಿ ಪ್ರಕಟಿಸಿದರು. ಆದ್ದರಿಂದ ಆಯ್ಕೆ ಮಗುವಿನದಿರಲಿ. ಒಂದು ಪುಟದಲ್ಲಿ ನಾಲ್ಕೈದು ಕಡೆ ಎಡವಿದರೆ ಇನ್ನೂ ಸುಲಭವಾದುದನ್ನು ಕೊಡಿರಿ. ನಮ್ಮ ನಗರದ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಹೊರಮಾವಿನ ಮುಖ್ಯರಸ್ತೆಯ ನಾಮಫಲಕಗಳೂ ಪಾಠವೇ. 2024ರ ಕಾನೂನಿನಂತೆ ಅವುಗಳ ಶೇ. 60 ಭಾಗ ಕನ್ನಡವಿರಬೇಕು. ‘ಎಲೆಕ್ಟ್ರಿಕಲ್ಸ್’ ಎಂಬುದನ್ನು ಓದಬಲ್ಲವನಿಗೆ ಯಾವ ಒತ್ತಕ್ಷರದ ಭಯ!

ಮಠದಲ್ಲಿ ನಾವು ವಿದ್ಯಾರ್ಥಿಯಾಗಿದ್ದಾಗ, ಕಣ್ಣು ಮಂಜಾಗಿದ್ದ ಹಿರಿಯರೊಬ್ಬರಿಗೆ ದಿನಪತ್ರಿಕೆ ಓದಿ ಹೇಳುವ ಸೇವೆ ನಮ್ಮ ಪಾಲಿಗೆ ಬಂದಿತ್ತು. ನಾವು ತಡವರಿಸಿದರೆ ಅವರು ಸುಮ್ಮನೆ ಕಾಯುವರು, ಬಾರದಿದ್ದರೆ ತಾವೇ ಆ ಪದ ನುಡಿದು “ಮುಂದೆ?” ಎನ್ನುವರು. ತಪ್ಪನ್ನು ಎಣಿಸಿದವರಲ್ಲ. ಅವರಿಗೆ ಬೇಕಾದುದು ಸುದ್ದಿ.

ಇದನ್ನೇ ಆ ತಂದೆಯವರಿಗೆ ಹೇಳಿದೆವು. ಅವರ ತಾಯಿಯವರಿಗೂ ಕಣ್ಣಿನ ಪೊರೆ. ರಾತ್ರಿ ಊಟಕ್ಕೆ ಮುನ್ನ ಕಾಲು ಗಂಟೆ ಮೊಮ್ಮಗನು ಅಜ್ಜಿಗೆ ಕಥೆ ಓದಿ ಹೇಳಲಿ, ತಂದೆ ಆಗ ಆ ಕೋಣೆಯಲ್ಲಿ ಇರಬಾರದು ಎಂದೆವು. ಕೊನೆಯ ಮಾತಿಗೆ ಅವರು ಸ್ವಲ್ಪ ಮುನಿದರು. ಮೇ ತಿಂಗಳ ನಡುವೆ ದೂರವಾಣಿಯಲ್ಲಿ ಮಾತನಾಡಿದಾಗ, ಬಾಗಿಲ ಹೊರಗೆ ನಿಂತು ಕೇಳುತ್ತಿರುವುದಾಗಿ ಒಪ್ಪಿಕೊಂಡರು. ಹುಡುಗನು ಅರ್ಕಾವೊತ್ತಿನಲ್ಲಿ ಇನ್ನೂ ನಿಲ್ಲುತ್ತಾನಂತೆ. ಅಜ್ಜಿ ಮಾತ್ರ ನರಿಯ ಕಥೆ ಅರ್ಧಕ್ಕೆ ನಿಂತಿತೆಂದು ಊಟಕ್ಕೇಳಲು ಒಪ್ಪುತ್ತಿಲ್ಲವಂತೆ.